ಶಟ್ಟೆವ್ವ ಮೊದಲು ಕಲಿತ ಹೆಸರು

ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಅಮೋಘಸಿದ್ದಪ್ಪನಿಗೆ ಹಳ್ಳದ ದಂಡೆಯ ಮೇಲೆ ನಾಲ್ಕೆಕರೆ ಎರೆಹೊಲವಿತ್ತು. ಹೊಲದ ಮೂಲೆಯಲ್ಲಿ ಅವನೂ ಹೆಂಡತಿ ಬಾಯವ್ವನೂ ಎರಡು ಬೇಸಿಗೆ ಕಲ್ಲು ಒಡೆದು ತೋಡಿದ ಬಾವಿಯಿತ್ತು. ನೀರು ಬಿದ್ದಿತ್ತು, ಎತ್ತುವುದಕ್ಕೆ ಕರೆಂಟು ಬಂದಿರಲಿಲ್ಲ. ಕರೆಂಟು ಬಂದರೆ ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು ಎಂದು ಅವನು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಒಬ್ಬಳೇ ಮಗಳು ಶಟ್ಟೆವ್ವ, ಹದಿನೆಂಟರ ಹುಡುಗಿ, ರೊಟ್ಟಿ ಬಡಿಯುತ್ತ ಅದನ್ನು ಕೇಳುತ್ತಿದ್ದಳು. ಎರಡನೇ ಇಯತ್ತೆಗೇ ಸಾಲಿ ಬಿಟ್ಟು ಎಮ್ಮೆ ಕಾಯಲು ಹೋದವಳು. ಕಲಿತಿದ್ದ ನಾಲ್ಕು ಅಕ್ಷರಗಳೂ ಎಮ್ಮೆಯ ಬೆನ್ನ ಮೇಲಿಂದಲೇ ಜಾರಿ ಹೋಗಿದ್ದವು.

ತೊಂಬತ್ತೊಂದನೇ ಇಸವಿಯ ಚಳಿಗಾಲದಲ್ಲಿ ಪಕ್ಕದ ಹೊಲದ ಬಸಲಿಂಗಪ್ಪ ಮನೆಗೆ ಬಂದ. ಊರಿನವರು ಅವನನ್ನು ಸಾವ್ಕಾರ ಅನ್ನುತ್ತಿದ್ದರು. ಮೂವತ್ತು ಎಕರೆಯ ಒಡೆಯ ತಾನಾಗಿ ಬಂದು ಕಂಬಳಿಯ ಮೇಲೆ ಕೂತದ್ದೇ ಅಮೋಘಸಿದ್ದಪ್ಪನಿಗೆ ದೊಡ್ಡದಾಯಿತು.

"ಅಮೋಘಪ್ಪಾ, ನಿನ್ನ ಬಾಂವಿಗೆ ಕರೆಂಟ್ ಬರೂಹಂಗ ಅರ್ಜಿ ಕೊಡಸ್ತೇನಿ. ನಾಳೆ ರಾಮದುರ್ಗಕ್ಕ ನಡಿ. ಹೆಬ್ಬಟ್ಟ ಒತ್ತಿದ್ರ ಮುಗೀತು."

"ನಿಮ್ಮ ಪುಣ್ಯಾರಿ ಸಾವ್ಕಾರ್ರ," ಎಂದ ಅಮೋಘಸಿದ್ದಪ್ಪ.

"ಅಲ್ಲೆ ಸಾಹೇಬ್ರು ಏನರೆ ಕೇಳತಾರ. ಏನ ಕೇಳಿದ್ರೂ ಹೌದ್ರಿ ಅನ್ನು. ನಡಕ ಬಾಯಿ ಹಾಕಿದ್ರ ಕಾಗದಾ ಹೊಳ್ಳಿ ಬರತೈತಿ."

ಮರುದಿನ ಕಚೇರಿಯಲ್ಲಿ ಸಾಹೇಬರು ಕೇಳಬೇಕಾದ್ದನ್ನೆಲ್ಲ ಕೇಳಿದರು. ಒಪ್ಪಿಗೆ ಇದೆಯೋ, ಹಣ ಮುಟ್ಟಿದೆಯೋ, ಯಾರದಾದರೂ ಒತ್ತಾಯ ಉಂಟೋ ಎಂದರು. ಅಮೋಘಸಿದ್ದಪ್ಪ ಎಲ್ಲದಕ್ಕೂ ತಲೆಯಾಡಿಸಿ, ಕಡೆಯ ಪ್ರಶ್ನೆಗೂ ಹೌದ್ರಿ ಎಂದ. ಸಾಹೇಬರು ಹುಬ್ಬೇರಿಸಿ ಮತ್ತೊಮ್ಮೆ ಕೇಳಿದಾಗ ಬಸಲಿಂಗಪ್ಪ ನಕ್ಕು, "ಕಿವಿ ಮಂದ ಅದಾವ್ರಿ, ಒತ್ತಾಯ ಇಲ್ಲ ಅಂತಾನ," ಎಂದ. ಅದೇ ಊರಿನ ಪರಸಪ್ಪ ಸಾಕ್ಷಿಯಾಗಿ ರುಜು ಹಾಕಿದ. ಅವತ್ತು ಅಮೋಘಸಿದ್ದಪ್ಪ ರಾಮದುರ್ಗದಿಂದ ಅರ್ಧ ಕಿಲೋ ಬಾಳೆಹಣ್ಣು ತಂದು ಮನೆಯಲ್ಲಿ ಹಂಚಿದ.

ಮುಂದಿನ ಮುಂಗಾರಿಗೆ ಬಿತ್ತನೆಯ ಬೀಜ ಹೊತ್ತು ತಂದೆ ಮಗಳು ಹೊಲಕ್ಕೆ ಹೋದರೆ ಬಸಲಿಂಗಪ್ಪನ ಟ್ರ್ಯಾಕ್ಟರು ನಡುಹೊಲದಲ್ಲಿ ರಂಟೆ ಹೊಡೆಯುತ್ತಿತ್ತು. ಬದುವನ್ನು ಅದಾಗಲೇ ಒಡೆದಿದ್ದರು.

ಪಂಚರು ಚಾವಡಿಯಲ್ಲಿ ಕೂಡಿದರು. ಬಸಲಿಂಗಪ್ಪ ಅಂಗಿಯ ಕಿಸೆಯಿಂದ ಕಾಗದ ತೆಗೆದ. ಖರೀದಿ ಪತ್ರ. ನಾಲ್ಕೆಕರೆ, ಬಾವಿ ಸಹಿತ. ಕೆಳಗೆ ಅಮೋಘಸಿದ್ದಪ್ಪನ ಹೆಬ್ಬಟ್ಟು. ಕಾಗದ ನೋಡಿದ ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮೋಘಸಿದ್ದಪ್ಪ ತನ್ನ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಶಟ್ಟೆವ್ವ ಹೆಂಗಸರ ಗುಂಪಿನಿಂದ ಎದ್ದು ಬಂದಳು.

"ಸುಳ್ಳ ಕಾಗದಾ ಅದು. ನಮ್ಮಪ್ಪ ಹೊಲಾ ಮಾರಿಲ್ಲ."

"ಸುಳ್ಳ ಹೌದೇನು?" ಬಸಲಿಂಗಪ್ಪ ಆ ಕಾಗದವನ್ನು ಅವಳ ಕೈಗೇ ಕೊಟ್ಟ. "ಎಲ್ಲಿ ಸುಳ್ಳ ಐತಿ ಓದಿ ತೋರಸವಾ. ಪಂಚರೂ ಕೇಳಲಿ."

ಅವಳು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಇರುವೆ ಸಾಲಿನಂಥ ಕರಿ ಗೆರೆಗಳು. ಆಗ ಬಸಲಿಂಗಪ್ಪ ತೊಡೆ ತಟ್ಟಿ ನಕ್ಕ.

"ಬುಡಾ ಮ್ಯಾಲ ಮಾಡಿ ಹಿಡದಾಳಲ್ಲೋ! ಮೊದಲ ಕಾಗದಾ ಹಿಡಿಯೂದು ಕಲತ ಬಾರವಾ. ಆಮ್ಯಾಲ ನನ್ನ ಸುಳ್ಳ ಹಿಡಿಯಾಕ ಬರುವಂತಿ."

ಚಾವಡಿಯಲ್ಲಿದ್ದವರು ನಕ್ಕರು. ಕೆಲವರು ಬೇಕೆಂದು ನಕ್ಕಿರಲಿಲ್ಲ, ನಗು ಬಂದಿತ್ತು. ಆದರೆ ಶಟ್ಟೆವ್ವ ನಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಕಾಗದವನ್ನು ಮಡಚಿ ಅವನ ಕೈಗೆ ಕೊಟ್ಟಳು. ಮನೆಗೆ ಬಂದು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಎದ್ದು ತಲೆ ತೊಳೆದುಕೊಂಡು ತಾಯಿಗೆ ಹೇಳಿದಳು: "ಯವ್ವಾ, ನನಗ ಗಂಡ ಹುಡಕಬ್ಯಾಡ. ನನಗ ಬ್ಯಾರೆ ಕೆಲಸಾ ಐತಿ."

ಆ ವರ್ಷ ಊರೂರಿಗೆ ಸಾಕ್ಷರತೆಯ ವರ್ಗ ಬಂದಿತ್ತು. ಸಾಲಹಳ್ಳಿಯಿಂದ ರಾಮದುರ್ಗದ ಕಾಲೇಜಿಗೆ ಹೋಗುತ್ತಿದ್ದ ಮಂಜುಳಾ ಎಂಬ ಹುಡುಗಿ ಸಂಜೆ ಹೊತ್ತು ದೊಡ್ಡವರಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಮೊದಲ ದಿನ ಅವಳು ಎಲ್ಲರಿಗೂ ಅವರವರ ಹೆಸರು ಬರೆದು ಕೊಟ್ಟಳು. ಶಟ್ಟೆವ್ವ ತನ್ನ ಪಾಟಿಯನ್ನು ಒರೆಸಿ ತಿರುಗಿ ಕೊಟ್ಟಳು.

"ನನ್ನ ಹೆಸರ ಆಮ್ಯಾಲ ಕಲೀತೇನ್ರಿ ಅಕ್ಕಾರ. ಮೊದಲ ಬಸಲಿಂಗಪ್ಪ ಅಂತ ಬರಿಯೂದು ಕಲಸ್ರಿ."

ಮಂಜುಳಾಗೆ ವಯಸ್ಸು ಚಿಕ್ಕದು, ಆದರೆ ಊರಿನ ಸುದ್ದಿ ಗೊತ್ತಿತ್ತು. ಏನೂ ಕೇಳದೆ ಬರೆದು ಕೊಟ್ಟಳು. ಶಟ್ಟೆವ್ವ ಆ ಹೆಸರನ್ನು ಪಾಟಿಯ ಮೇಲೆ, ಒಲೆಯ ಬೂದಿಯಲ್ಲಿ, ಸಗಣಿ ಸಾರಿಸಿದ ಅಂಗಳದಲ್ಲಿ ಬರೆದಳು. ಒಂದು ವಾರಕ್ಕೆ ಆ ಐದಾರು ಅಕ್ಷರಗಳು ಕೈಗೆ ಹತ್ತಿದವು. ಮಿಕ್ಕವು ಅವುಗಳ ಬೆನ್ನು ಹಿಡಿದು ಬಂದವು. ಒತ್ತಕ್ಷರಕ್ಕೆ ಸುಸ್ತಾದ ಹೆಂಗಸರು ಒಬ್ಬೊಬ್ಬರಾಗಿ ವರ್ಗ ಬಿಟ್ಟರು. ದಿನವಿಡೀ ಕೂಲಿ ಮಾಡಿ ಬಂದ ಶಟ್ಟೆವ್ವ ಮಾತ್ರ ಬಾಗಿಲು ಮುಚ್ಚುವ ತನಕ ಏಳುತ್ತಿರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಅಂಗಡಿಯ ಪೊಟ್ಟಣ ಕಟ್ಟಿದ ಪೇಪರನ್ನೂ ಬಿಡದೆ ಓದುತ್ತಿದ್ದಳು.

ತೊಂಬತ್ತಮೂರರಲ್ಲಿ ಅವಳು ರಾಮದುರ್ಗಕ್ಕೆ ಹೋಗಿ ಆ ಖರೀದಿ ಪತ್ರದ ನಕಲು ತೆಗೆಸಿದಳು. ಓದಲು ಬಂತು, ಅರ್ಥವಾಗಲಿಲ್ಲ. "ಸದರಿ," "ಉಲ್ಲೇಖಿತ," "ಚಕ್ಕುಬಂದಿ" ಮುಂತಾದ ಮಾತುಗಳು ಮುಳ್ಳಿನಂತೆ ಅಡ್ಡ ಬಂದವು. ತಹಸೀಲ್ದಾರರ ಕಚೇರಿಯ, ಜನರ ಬಾಯಲ್ಲಿ ಮಾಮಲೇದಾರ ಕಚೇರಿಯ, ಎದುರಿನ ಬೇವಿನ ಮರದ ಕೆಳಗೆ ನಿಜಗುಣಪ್ಪ ಎಂಬ ಮುದುಕರು ಅರ್ಜಿ ಬರೆಯುತ್ತ ಕೂಡುತ್ತಿದ್ದರು. ನಲವತ್ತು ವರ್ಷ ಅದೇ ಮರ, ಅದೇ ಮರದ ಪೆಟ್ಟಿಗೆ. ಅವರು ಕಾಗದವನ್ನು ಓದಿ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದರು. ಕೊನೆಗೆ ಕನ್ನಡಕ ತೆಗೆದರು.

"ತಂಗೀ, ಈ ಕಾಗದಾ ಗಟ್ಟಿ ಐತಿ. ಇದನ್ನ ಒಡೀಬೇಕಂದ್ರ ಕೋರ್ಟಿಗೆ ಹೋಗಬೇಕು. ಗೊತ್ತಾಗಿ ಮೂರ ವರ್ಷದಾಗ ಹೋಗಬೇಕು. ಹೋದ ಮ್ಯಾಲ ಹತ್ತ ಹನ್ನೆರಡ ವರ್ಷ ತಡೀಬೇಕು. ತಡೀತಿಯೇನು?"

"ತಡೀತೇನ್ರಿ. ಆದ್ರ ಸುಮ್ನ ಕುಂತ ತಡಿಯೂದಿಲ್ಲ. ನನಗ ಈ ಬರವಣಿಗಿ ಕಲಸ್ರಿ."

ಹೆಣ್ಣುಮಗಳೊಬ್ಬಳು ಕಚೇರಿಯ ಮುಂದೆ ಮರದ ಕೆಳಗೆ ಕೂತು ಬರೆದದ್ದನ್ನು ರಾಮದುರ್ಗ ಕಂಡಿರಲಿಲ್ಲ. ಆದರೂ ನಿಜಗುಣಪ್ಪ ಒಂದು ಕಟ್ಟು ಹಳೆಯ ಅರ್ಜಿಗಳನ್ನು ಅವಳ ಮುಂದೆ ಇಟ್ಟರು. ಆರು ತಿಂಗಳು ಅವಳು ಬರೀ ನಕಲು ಮಾಡಿದಳು. ಮುಂಜಾನೆಯ ಬಸ್ಸಿಗೆ ಬಂದು, ಮಧ್ಯಾಹ್ನದ ತನಕ ಬರೆದು, ಊರಿಗೆ ಹೋಗಿ ಹೊತ್ತು ಮುಳುಗುವ ತನಕ ಕಳೆ ಕೀಳುತ್ತಿದ್ದಳು. ತಾನಾಗಿ ಬರೆದ ಮೊದಲ ಅರ್ಜಿಯಲ್ಲಿ ಬಸಲಿಂಗಪ್ಪನನ್ನು ಕಳ್ಳ, ಕಟುಕ, ಮನೆಹಾಳ ಎಂದೆಲ್ಲ ಬೈದಿದ್ದಳು. ಮುದುಕರು ಅದನ್ನು ಹರಿದು ಹಾಕಿದರು.

"ಸಿಟ್ಟಿನ್ಯಾಗ ಬರದದ್ದನ್ನ ಯಾವ ಸಾಹೇಬನೂ ಪೂರ್ತಿ ಓದೂದಿಲ್ಲ. ಸಿಟ್ಟ ಹೊಟ್ಟ್ಯಾಗ ಇಟಗೋ. ಕಾಗದದ ಮ್ಯಾಲ ತಾರೀಖು ಬರಿ."

ಶಟ್ಟೆವ್ವನ ಜೀವನದಲ್ಲಿ ಯಾರೂ ಅವಳಿಗೆ ಇದಕ್ಕಿಂತ ಉಪಯೋಗದ ಮಾತು ಹೇಳಲಿಲ್ಲ. ಅವಳು ಸಿಟ್ಟನ್ನು ಬಿಡಲಿಲ್ಲ. ಕೆಂಡವನ್ನು ಬೂದಿಯಲ್ಲಿ ಹೂಳಿಟ್ಟಂತೆ ಇಟ್ಟಳು. ಅದರ ಕಾವಿನ ಮೇಲೆ ಕೆಲಸ ಮಾಡಿದಳು.

ತೊಂಬತ್ತನಾಲ್ಕರಲ್ಲಿ ದಾವೆ ಹೂಡಿದರು. ವಕೀಲರು ಒಳ್ಳೆಯವರೇ, ಆದರೆ ಕಡ್ಡಿ ಮುರಿದಂತೆ ಹೇಳಿದರು: "ಸಾಕ್ಷಿ ಹಾಕಿದ ಪರಸಪ್ಪ ಬಂದು ಖರೇ ಹೇಳಿದ್ರ ಕೇಸ್ ನಿಂತೀತು. ಇಲ್ಲಂದ್ರ ಇಲ್ಲ."

ಪರಸಪ್ಪ ಊರಲ್ಲಿ ಇರಲಿಲ್ಲ. ಆ ರುಜುವಿನ ಮರುವರ್ಷ ಬಸಲಿಂಗಪ್ಪ ಅವನಿಗೆ ಒಂದು ಜೋಡಿ ಎತ್ತು ಕೊಡಿಸಿದ್ದ. ಅವನು ಹೆಂಡತಿ ಸಾವಿತ್ರೆವ್ವನನ್ನು ಕರೆದುಕೊಂಡು ಎಂ.ಕೆ. ಹುಬ್ಬಳ್ಳಿಗೆ ಹೋಗಿ, ಸಕ್ಕರೆ ಕಾರ್ಖಾನೆಗೆ ಚಕ್ಕಡಿಯಲ್ಲಿ ಕಬ್ಬು ಹೇರುತ್ತಿದ್ದ. ಶಟ್ಟೆವ್ವ ಹುಡುಕಿಕೊಂಡು ಹೋದಳು. ಸವದತ್ತಿಯಲ್ಲಿ ಒಂದು ಬಸ್ಸು ಬದಲಿಸಿ, ಬೈಲಹೊಂಗಲದಲ್ಲಿ ಇನ್ನೊಂದು ಬದಲಿಸಿ, ಅಲ್ಲಿ ಮುಟ್ಟುವಾಗ ಮಧ್ಯಾಹ್ನ. ಪರಸಪ್ಪ ಅವಳನ್ನು ಕಂಡದ್ದೇ ಎತ್ತಿನ ಕಡೆ ತಿರುಗಿದ.

"ನನಗೇನೂ ನೆನಪಿಲ್ಲವಾ. ಯಾವ ಕಾಗದಾನೂ ನಾ ನೋಡಿಲ್ಲ. ಹೋಗು."

ಮೂರು ವರ್ಷದಲ್ಲಿ ಒಂಬತ್ತು ಸಲ ಹೋದಳು. ಒಂಬತ್ತು ಸಲವೂ ಅದೇ ಮಾತು. ಇತ್ತ ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು. ಬಸಲಿಂಗಪ್ಪ ಕೋರ್ಟಿನ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಇನ್ನೂ ಬರಾಕತ್ತಾಳೇನು ಈಕಿ?" ಎಂದು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು. ನೋಡಿ, ಮುಂದಿನ ತಾರೀಖು ಬರೆದುಕೊಂಡು ಬಸ್ಸು ಹತ್ತುತ್ತಿದ್ದಳು.

ತೊಂಬತ್ತೇಳರ ದೀಪಾವಳಿ ಮುಗಿಯುತ್ತಲೇ ಅವಳು ಒಂದು ಗಂಟು ಕಟ್ಟಿಕೊಂಡು ಎಂ.ಕೆ. ಹುಬ್ಬಳ್ಳಿಗೆ ಹೊರಟು ನಿಂತಳು. ಕಬ್ಬು ಕಡಿಯುವ ಒಂದು ಗ್ಯಾಂಗಿನಲ್ಲಿ ಹೆಸರು ಹಚ್ಚಿದ್ದಳು. ಪರಸಪ್ಪನ ಚಕ್ಕಡಿ ಕಬ್ಬು ಹೇರುತ್ತಿದ್ದುದು ಅದೇ ಗ್ಯಾಂಗು ಕಡಿಯುವ ಹೊಲದಿಂದ, ಅವರು ಫಡ ಅನ್ನುವಲ್ಲಿಂದ, ಎಂದು ವಿಚಾರಿಸಿ ತಿಳಿದೇ ಹಚ್ಚಿದ್ದಳು. ಬಾಯವ್ವ ಬಾಯಿ ಬಡಿದುಕೊಂಡಳು: "ಕಬ್ಬ ಕಡಿಯೂ ಕೆಲಸಾ ಗಂಡಸರ ಬೆನ್ನ ಮುರೀತೈತಿ. ಅಲ್ಲಿ ಹೋಗಿ ಏನ ಮಾಡತಿ?"

"ಅವನ ಕಣ್ಣ ಮುಂದ ಇರತೇನಿ," ಎಂದಳು ಶಟ್ಟೆವ್ವ.

ಕಬ್ಬಿನ ಕೆಲಸವೇನು ಸುಮ್ಮನೆಯೇ? ನಸುಕಿನಲ್ಲಿ ಇಬ್ಬನಿ ತೊಟ್ಟಿಕ್ಕುವ ಕಬ್ಬಿನೊಳಗೆ ಹೊಕ್ಕರೆ ಗರಿ ಮುಖವನ್ನೂ ಮೊಳಕೈಯನ್ನೂ ಕತ್ತಿಯಂತೆ ಸೀಳುತ್ತದೆ. ಕಡಿದು, ಸುಲಿದು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಚಕ್ಕಡಿಗೆ ಏರಿಸಬೇಕು. ಮೊದಲ ವಾರ ಅವಳ ಅಂಗೈ ಬೊಬ್ಬೆಯೆದ್ದು ಒಡೆಯಿತು. ಎರಡನೆಯ ವಾರ ಜ್ವರ. ಜ್ವರದಲ್ಲೂ ಫಡಕ್ಕೆ ಬಂದಳು. ಏಕೆಂದರೆ ದಿನಾ ಹನ್ನೊಂದು ಗಂಟೆಗೆ ಪರಸಪ್ಪನ ಚಕ್ಕಡಿ ಬರುತ್ತಿತ್ತು. ಅವಳು ಕಬ್ಬಿನ ಕಟ್ಟು ಏರಿಸಿ, ಅವನ ಮುಂದೆ ಬಂದು ನಿಂತು, ಒಂದೇ ಮಾತು ಹೇಳುತ್ತಿದ್ದಳು.

"ಪರಸಣ್ಣಾ, ನಾ ಅಮೋಘಸಿದ್ದಪ್ಪನ ಮಗಳು. ಇವತ್ತೂ ಬಂದೇನಿ."

ಬೈಗುಳವಿಲ್ಲ, ಬೇಡಿಕೆಯಿಲ್ಲ. ಅಷ್ಟು ಹೇಳಿ ಮುಂದಿನ ಕಟ್ಟು ತರಲು ಹೋಗುತ್ತಿದ್ದಳು. ಪರಸಪ್ಪ ಮೊದಮೊದಲು ನಕ್ಕ. ಆಮೇಲೆ ಬೈದ. ಆಮೇಲೆ ಬಾರಕೋಲು ಎತ್ತಿದ, ಹೊಡೆಯಲಿಲ್ಲ. ಡಿಸೆಂಬರ್ ಕಳೆಯುವಷ್ಟರಲ್ಲಿ ಅವಳು ಬರುವುದನ್ನು ಕಂಡರೆ ತಲೆ ತಗ್ಗಿಸತೊಡಗಿದ. ಗ್ಯಾಂಗಿನವರಿಗೆಲ್ಲ ಕಥೆ ಗೊತ್ತಾಯಿತು. ಸಾವಿತ್ರೆವ್ವನಿಗೂ ಗೊತ್ತಾಯಿತು.

ಸಂಕ್ರಮಣಕ್ಕೆ ಎರಡು ದಿನ ಇರುವಾಗ ಊರಿಂದ ಸುದ್ದಿ ಬಂತು. ಅಮೋಘಸಿದ್ದಪ್ಪ ಹೋಗಿಬಿಟ್ಟಿದ್ದ. ಆರು ವರ್ಷದಿಂದ ದಿನಾ ಮುಂಜಾನೆ ಹಳ್ಳದ ಈಚೆ ದಂಡೆಗೆ ಹೋಗಿ, ಆಚೆಗಿನ ತನ್ನ ಹೊಲವನ್ನು ನೋಡುತ್ತ ಕೂತು, ಬಿಸಿಲೇರಿದ ಮೇಲೆ ಎದ್ದು ಬರುತ್ತಿದ್ದ. ಅವತ್ತು ಎದ್ದು ಬರಲಿಲ್ಲ. ಶಟ್ಟೆವ್ವ ಹೋಗಿ ತಂದೆಯನ್ನು ಮಣ್ಣು ಮಾಡಿದಳು. ಅಳಲಿಲ್ಲ, ಅತ್ತರೆ ಒಳಗಿನದು ಆರಿಬಿಡುತ್ತದೆಂದು ಅಂಜಿದಳು. ನಾಲ್ಕನೆಯ ದಿನಕ್ಕೆ ಫಡದಲ್ಲಿದ್ದಳು. ಹನ್ನೊಂದಕ್ಕೆ ಚಕ್ಕಡಿ ಬಂತು. ಅವತ್ತು ರೊಟ್ಟಿಗಂಟು ತೆಗೆದುಕೊಂಡು ಸಾವಿತ್ರೆವ್ವನೂ ಜೊತೆಗೆ ಬಂದಿದ್ದಳು.

"ಪರಸಣ್ಣಾ," ಎಂದಳು ಶಟ್ಟೆವ್ವ, "ಅಮೋಘಸಿದ್ದಪ್ಪ ಹ್ವಾದ. ಮಗಳ ಅದಾಳ. ಇವತ್ತೂ ಬಂದೇನಿ."

ಪರಸಪ್ಪನ ಕೈಯಲ್ಲಿದ್ದ ಹಗ್ಗ ಜಾರಿತು. ಸಾವಿತ್ರೆವ್ವ ಬಿಚ್ಚುತ್ತಿದ್ದ ರೊಟ್ಟಿಗಂಟನ್ನು ಮತ್ತೆ ಕಟ್ಟಿದಳು. ಗಂಡನಿಗೆ ಕೊಡಲಿಲ್ಲ.

"ಈ ಎತ್ತ ದುಡದ ಕೂಳ ನಾನೂ ಉಂಡೇನಿ," ಎಂದಳು ಅವಳು. "ನನಗ ಗೊತ್ತಿರಲಿಲ್ಲ, ಉಂಡೆ. ಇನ್ನ ನೀ ಕೋರ್ಟಿನ್ಯಾಗ ನಿಂತು ಹೇಳೂ ತನಕ ನನ್ನ ಕೈಯಾಗಿನ ರೊಟ್ಟಿ ನಿನಗಿಲ್ಲ. ಮಾಡಕೊಂಡ ತಿನ್ನು."

ಆಡಿದಂತೆಯೇ ನಡೆದಳು ಆ ಹೆಣ್ಣುಮಗಳು. ಒಂದು ತಿಂಗಳು ಗಂಡ ಮೂರು ಕಲ್ಲು ಹೂಡಿ ತಾನೇ ಅನ್ನ ಬೇಯಿಸಿ ತಿಂದ. ಆ ಹಂಗಾಮು ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಶಟ್ಟೆವ್ವನ ಎದುರು ಕೂತು, "ಯಾವ ತಾರೀಖಿಗೆ ಬರಬೇಕ ಹೇಳವಾ," ಎಂದ.

ಅವನ ಸಾಕ್ಷಿ ತೊಂಬತ್ತೊಂಬತ್ತರಲ್ಲಿ ಆಯಿತು. ನಡೆದದ್ದನ್ನು ನಡೆದ ಹಾಗೆ ಹೇಳಿದ, ಎತ್ತಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಎಲೆ ಅಡಿಕೆ ಜಗಿಯುತ್ತಿದ್ದ ಬಸಲಿಂಗಪ್ಪನ ದವಡೆ ನಿಂತಿತು. ಮರುತಿಂಗಳು ಶಟ್ಟೆವ್ವ ಸಾಕ್ಷಿ ಕಟ್ಟೆ ಏರಿದಾಗ ಬಸಲಿಂಗಪ್ಪನ ವಕೀಲರು ಕಾಗದವನ್ನು ಅವಳ ಮುಂದೆ ಹಿಡಿದು ಕೇಳಿದರು:

"ಇದರೊಳಗೆ ಏನಿದೆ ಅನ್ನೋದು ನಿಮಗೆ ಬೇರೆಯವರು ಹೇಳಿಕೊಟ್ಟದ್ದು, ಹೌದಲ್ಲ?"

"ಕೊಡ್ರಿ ಇಲ್ಲೆ," ಎಂದಳು ಅವಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ತಾರೀಖು, ಒಂದೂ ಬಿಡದೆ ತಡವರಿಸದೆ ಓದಿದಳು. ನಡುವೆ ನಿಂತು, "ಇಲ್ಲಿ ಪಡುವಣಕ್ಕ ಹಳ್ಳಾ ಅಂತ ಬರದಾರ್ರಿ. ಹಳ್ಳಾ ಇರೂದು ಮೂಡಲಕ್ಕ. ನಮ್ಮಪ್ಪ ತಾನ ಬರಸಿದ್ರ ತನ್ನ ಹೊಲದ ದಿಕ್ಕ ತಪ್ಪಿ ಹೇಳತಿದ್ನೇನ್ರಿ?" ಎಂದಳು. ನ್ಯಾಯಾಧೀಶರು ತಲೆಯೆತ್ತಿ ಅವಳನ್ನು ನೋಡಿ, ಬರೆದುಕೊಂಡರು.

ಎರಡು ಸಾವಿರದ ಒಂದರಲ್ಲಿ ತೀರ್ಪು ಅವಳ ಕಡೆ ಆಯಿತು. ಬಸಲಿಂಗಪ್ಪ ಮೇಲಿನ ಕೋರ್ಟಿಗೆ ಹೋದ; ಎರಡು ವರ್ಷದ ಮೇಲೆ ಅಲ್ಲೂ ಸೋತ. ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಕೋರ್ಟಿನವರು ಬಂದು ಹೊಲದ ಕಬ್ಜಾ ಕೊಡಿಸಿದಾಗ ಹೊಲದ ತುಂಬ ಬಸಲಿಂಗಪ್ಪ ಬಿತ್ತಿದ್ದ ಬಿಳಿಜೋಳ ಆಳೆತ್ತರ ನಿಂತಿತ್ತು. ತೆನೆ ಹಾಲು ಬಿಟ್ಟು ಕಾಳು ಗಟ್ಟಿಯಾಗಿತ್ತು. ಊರ ಹಿರಿಯರು ಅವಳನ್ನು ಕೇಳಿಕೊಂಡರು.

"ಹೊಲಾ ನಿಂದು ಖರೆ. ಬಿತ್ತಿದಾಂವ ಅವನು. ಇದೊಂದ ಸುಗ್ಗಿ ರಾಶಿ ಮಾಡಕೊಂಡ ಹೋಗಲಿ ಬಿಡವಾ."

"ನಮ್ಮಪ್ಪ ಹದಾ ಮಾಡಿದ ಹೊಲದಾಗ ಇವರು ಹನ್ನೊಂದ ಸುಗ್ಗಿ ಮಾಡ್ಯಾರ," ಎಂದಳು ಶಟ್ಟೆವ್ವ. "ಹನ್ನೆರಡನೇದು ಆಗೂದಿಲ್ಲ."

ಹಾಗೆಂದು ತಾನೂ ಒಂದು ತೆನೆ ಮುಟ್ಟಲಿಲ್ಲ. ಊರಿನಲ್ಲಿ ಹೊಲವಿಲ್ಲದ ಹೆಂಗಸರನ್ನೆಲ್ಲ ಕರೆದು, "ಕೊಯ್ಕೊಂಡ ಹೋಗ್ರಿ" ಎಂದಳು. ಎರಡು ದಿನದಲ್ಲಿ ಹೊಲ ಬೋಳಾಯಿತು. ಬಸಲಿಂಗಪ್ಪ ತನ್ನ ಬದುವಿನ ಮೇಲೆ ನಿಂತು ನೋಡಿದ. ಅವಳು ನಡುಹೊಲದಲ್ಲಿ ನಿಂತು, ಅವನು ನೋಡುವುದನ್ನು ನೋಡಿದಳು.

ಆದರೂ ಹೊಟ್ಟೆ ತುಂಬಲಿಲ್ಲ. ಹೊಲ ಬಂತು, ತಂದೆ ಬರಲಿಲ್ಲ. ಚಾವಡಿಯ ಆ ನಗು ಅವಳ ಕಿವಿಯಿಂದ ಹೋಗಲಿಲ್ಲ.

ಅಷ್ಟರಲ್ಲಿ ನಿಜಗುಣಪ್ಪನವರ ಕಣ್ಣು ಹೋಗಿ ಅವರು ಮನೆ ಸೇರಿದ್ದರು. ಹೋಗುವಾಗ ಮರದ ಪೆಟ್ಟಿಗೆಯನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ಬೇವಿನ ಕೆಳಗೆ ಈಗ ಶಟ್ಟೆವ್ವ ಕೂಡುತ್ತಿದ್ದಳು. ಅರ್ಜಿ ಬರೆಯುವ ನಾಲ್ವರು ಗಂಡಸರ ನಡುವೆ ಅವಳೊಬ್ಬಳೇ, ಆದರೆ ಉದ್ದನೆಯ ಸಾಲು ಅವಳ ಮುಂದೆ. ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳದೆ ಅವಳು ಯಾರ ಕೈಯಿಂದಲೂ ಹೆಬ್ಬಟ್ಟು ಒತ್ತಿಸುತ್ತಿರಲಿಲ್ಲ. ಕೇಳಿಸಿಕೊಂಡವರು, "ತಿಳೀತ್ರಿ," ಎಂದರೆ, "ಏನ ತಿಳೀತು, ನೀವ ಹೇಳ್ರಿ," ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದಳು. ಸುತ್ತಲ ಹಳ್ಳಿಗಳಲ್ಲಿ, ಸವದತ್ತಿಯ ಕಡೆಯಲ್ಲೂ, ಅರ್ಜಿಯೆಂದರೆ ಶಟ್ಟೆವ್ವನದು ಎನ್ನುವಂತಾಯಿತು.

ಎರಡು ಸಾವಿರದ ಏಳರ ಶ್ರಾವಣದ ಒಂದು ಸೋಮವಾರ, ಆ ಸಾಲಿನ ಕೊನೆಯಲ್ಲಿ ಬಸಲಿಂಗಪ್ಪ ನಿಂತಿದ್ದ. ಎಪ್ಪತ್ತು ದಾಟಿತ್ತು. ಧೋತರ ಮಾಸಿತ್ತು. ಅವನ ಮಗ ಕಲ್ಮೇಶ ಏನೋ ಕಾಗದಕ್ಕೆ ರುಜು ಹಾಕಿಸಿಕೊಂಡು ಮೂವತ್ತು ಎಕರೆಯನ್ನೂ ತನ್ನ ಹೆಸರಿಗೆ ಮಾಡಿಕೊಂಡಿದ್ದನೆಂಬ ಸುದ್ದಿ ಊರಲ್ಲೆಲ್ಲ ಹಬ್ಬಿತ್ತು. ಆ ಸುದ್ದಿ ಕೇಳಿದ ದಿನ ಶಟ್ಟೆವ್ವ ಬೆಲ್ಲ ತರಿಸಿ ಹೋಳಿಗೆ ಮಾಡಿದ್ದಳು.

ಹತ್ತಿರ ಬಂದು ಅವನು ಏನೋ ಹೇಳಲು ಹೋದ. "ಸಾಲು ಐತ್ರಿ ಸಾವ್ಕಾರ್ರ. ಕುಂಡ್ರಿ," ಎಂದಳು. ಅವನು ನೆಲದ ಮೇಲೆ ಕೂತ. ಅವಳು ತಡ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅವನ ಪಾಳಿ ಬಂದಾಗ ಎರಡು ಗಂಟೆ. ಸಾಲಹಳ್ಳಿಯ ಹತ್ತಾರು ಜನ ಅವತ್ತು ಪಡಿತರ ಚೀಟಿಯ ಕೆಲಸಕ್ಕೆ ಬಂದವರು ಮರದ ಸುತ್ತ ಇದ್ದರು.

"ಇಲ್ಲಿಗ್ಯಾಕ ಬಂದ್ರಿ? ಬ್ಯಾರೆ ಮಂದಿ ಅದಾರಲ್ಲ."

"ವಕೀಲರು ಕಳಿಸಿದ್ರು," ಎಂದ ಬಸಲಿಂಗಪ್ಪ ನೆಲ ನೋಡುತ್ತ. "ಮೋಸದ ಕಾಗದಾ ಒಡಿಯೂದ್ರಾಗ ನಿನ್ನಷ್ಟ ತಿಳದಾಕಿ ಈ ತಾಲೂಕಿನ್ಯಾಗ ಇಲ್ಲಂತ. ಮೊದಲ ಮಾಮಲೇದಾರರಿಗೆ ತಕರಾರು ಅರ್ಜಿ ಕೊಡಬೇಕಂದ್ರು."

"ನಿಮಗ ಓದಾಕ ಬರತೈತಲ್ರಿ. ಯಾಕ ಓದಲಿಲ್ಲ ರುಜು ಹಾಕೂ ಮುಂದ?"

"ಮಗಾ ಅಂತ ನಂಬಿದೆ."

"ನಮ್ಮಪ್ಪ ನಿಮ್ಮನ್ನ ಬಾಜೂ ಹೊಲದಾಂವ ಅಂತ ನಂಬಿದ್ದ."

ಶಟ್ಟೆವ್ವ ಒಂದು ಹಾಳೆ ತೆಗೆದು ಬರೆದಳು. ಬರೆದು ಮುಗಿಸಿ ಅವನ ಕೈಗೆ ಕೊಟ್ಟಳು. "ಓದ್ರಿ. ಗಟ್ಟಿ ಓದ್ರಿ."

ಅವನು ಕನ್ನಡಕ ಏರಿಸಿ ಶುರು ಮಾಡಿದ. "ಸಾಲಹಳ್ಳಿ ಗ್ರಾಮದ ಬಸಲಿಂಗಪ್ಪನಾದ ನಾನು, ಕರೆಂಟಿನ ಅರ್ಜಿ ಎಂದು ಸುಳ್ಳು ಹೇಳಿ, ಅಮೋಘಸಿದ್ದಪ್ಪನ ಹೆಬ್ಬಟ್ಟು ಒತ್ತಿಸಿಕೊಂಡು, ಅವನ ಹೊಲವನ್ನು ಕಿತ್ತುಕೊಂಡೆನು..."

"ಇದನ್ಯಾಕ ಬರದಿ? ಇದಕ್ಕೂ ನನ್ನ ಅರ್ಜಿಗೂ ಏನ ಸಂಬಂಧ?"

"ನನ್ನ ಕೈಯಿಂದ ಬರಸಬೇಕಂದ್ರ ಮೊದಲ ಇದಕ್ಕ ರುಜು ಹಾಕ್ರಿ. ಇಲ್ಲಂದ್ರ ಆ ಕಡೆ ನಾಕ ಮಂದಿ ಕುಂತಾರ, ಹೋಗ್ರಿ. ಹಿಂದಿನವರಿಗೆ ಕೇಳಲಿಲ್ಲ, ಮತ್ತೊಮ್ಮೆ ಓದ್ರಿ."

ಅವನು ಸುತ್ತ ನೋಡಿದ. ಯಾರೂ ಅವನ ಪರ ಬಾಯಿ ತೆರೆಯಲಿಲ್ಲ. ಮೂರು ಸಲ ಓದಿಸಿದಳು. ಮೂರನೆಯ ಸಲ ಅವನ ದನಿ ಕಚೇರಿಯ ಮೆಟ್ಟಿಲ ತನಕ ಕೇಳಿತು. ಗುಂಪಿನಲ್ಲಿ ಯಾರೋ ಒಬ್ಬರು ನಗಲು ಹೋದರು. ಶಟ್ಟೆವ್ವ ಕಣ್ಣೆತ್ತಿದಳು, ನಗು ಅಲ್ಲೇ ನಿಂತಿತು. ಅವನು ರುಜು ಹಾಕಿದ. ಅವಳು ಆ ಹಾಳೆಯನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಆಮೇಲೆ ಹೊಸ ಹಾಳೆ ತೆಗೆದು ಅವನ ತಕರಾರು ಅರ್ಜಿ ಬರೆದಳು. ಒಂದು ತಾರೀಖು ತಪ್ಪಲಿಲ್ಲ, ಒಂದು ಮಾತು ಹೆಚ್ಚಾಗಲಿಲ್ಲ. ಅಂಥ ಚೊಕ್ಕ ಅರ್ಜಿಯನ್ನು ಅವಳು ತನಗಾಗಿಯೂ ಬರೆದುಕೊಂಡಿರಲಿಲ್ಲ. ಎರಡು ಸಲ ಓದಿ ಹೇಳಿದಳು. ಬಸಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಅವಳು ಕರಗಿದಳೆಂದು ತಿಳಿದನೇನೋ, ಕೈ ಮುಗಿದ.

"ನಿನ್ನ ಉಪಕಾರ ಮರಿಯೂದಿಲ್ಲವಾ. ಎಷ್ಟ ದಿನದಾಗ ಆದೀತು ಇದು?"

ಶಟ್ಟೆವ್ವ ಪೆನ್ನಿನ ಟೋಪಿ ಹಾಕಿದಳು. ಹದಿನೈದು ವರ್ಷ ಅವಳು ಈ ಮಾತಿಗಾಗಿಯೇ ಕಾದಿದ್ದಳೋ ಎಂಬಂತೆ ನಿಧಾನ ಹೇಳಿದಳು.

"ಅರ್ಜಿ ಗಟ್ಟಿ ಐತ್ರಿ, ನೀವು ಸೋಲೂದಿಲ್ಲ. ಆದ್ರ ಇದು ಇಲ್ಲಿಗೆ ಮುಗಿಯೂದಲ್ಲ. ಇಲ್ಲಿಂದ ಕೋರ್ಟಿಗೆ ಹೋಗತೈತಿ. ಅಲ್ಲಿಂದ ಮ್ಯಾಲಿನ ಕೋರ್ಟಿಗೆ. ನನಗ ಹನ್ನೆರಡ ವರ್ಷ ಹಿಡೀತು. ನಾ ಶುರು ಮಾಡಿದಾಗ ಹತ್ತೊಂಬತ್ತರಾಕಿ ಇದ್ದೆ. ನಿಮಗ ಎಷ್ಟರಿ ಈಗ, ಎಪ್ಪತ್ತೊಂದಲ್ಲ?"

ಮುಗಿದ ಕೈ ಮುಗಿದಂತೆಯೇ ಉಳಿಯಿತು.

ಅವತ್ತು ಸಂಜೆ ಆ ಹಾಳೆಯನ್ನು ತಾಯಿಗೆ ಓದಿ ಹೇಳಿದಳು. ಬಾಯವ್ವ ಇನ್ನೊಮ್ಮೆ ಓದಿಸಿದಳು. ಆಮೇಲೆ ಕೇಳಿದಳು: "ಇಷ್ಟಕ್ಕ ಸಾಕಾತೇನು ನಿನಗ?"

"ಇಲ್ಲ ಯವ್ವಾ," ಎಂದಳು ಶಟ್ಟೆವ್ವ. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಮುಂದೆ ಬಸಲಿಂಗಪ್ಪನ ತಾರೀಖು ಇದ್ದ ದಿನವೆಲ್ಲ ಅವಳು ಅರ್ಧ ಗಂಟೆ ಕೆಲಸ ಬಿಟ್ಟು ಕೋರ್ಟಿನ ಪಡಸಾಲೆಗೆ ಹೋಗಿ, ಅವನ ಎದುರಿನ ಬೆಂಚಿನ ಮೇಲೆ ಕೂಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಒಂದು ತಾರೀಖಿಗೆ ಅವನು ಬರಲಿಲ್ಲ. ಹಿಂದಿನ ದಿನವೇ ತೀರಿಹೋಗಿದ್ದ. ದಾವೆ ಇನ್ನೂ ಮೊದಲನೇ ಕೋರ್ಟಿನಲ್ಲೇ ಇತ್ತು.

ಬಾಯವ್ವ ಸತ್ತವರ ಮನೆಗೆ ಹೋಗಿ ಬಂದು, ತಲೆಗೆ ನೀರು ಹಾಕಿಕೊಂಡು ಹೇಳಿದಳು: "ಕಡೀಕ ಮಾರಿ ನೋಡಿ ಬಂದೆ. ನೀನೂ ಬರಬೇಕಿತ್ತು."

"ಅವನ ಮಾರಿ ನಾ ನೋಡಿದಷ್ಟ ಅವನ ಹೇಣ್ತೀನೂ ನೋಡಿಲ್ಲ," ಎಂದಳು ಶಟ್ಟೆವ್ವ.

ಮರುದಿ‌ನ ಎಂದಿನಂತೆ ಮುಂಜಾನೆಯ ಬಸ್ಸು ಹತ್ತಿ ಕಿಟಕಿಗೆ ಕೂತಳು. ಹದಿನಾರು ವರ್ಷ ಆ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿದವಳಲ್ಲ. ಅವನಿಗೆ ಏನು ಹೇಳಬೇಕು, ಏನು ಬರೆಯಬೇಕು ಎಂಬುದರಲ್ಲೇ ದಾರಿ ಸವೆಯುತ್ತಿತ್ತು. ಅವತ್ತು ಯೋಚಿಸಲು ಯಾರೂ ಸಿಗಲಿಲ್ಲ. ಊರು ದಾಟುವುದರೊಳಗೆ ನಿದ್ದೆ ಹತ್ತಿತು. ರಾಮದುರ್ಗದಲ್ಲಿ ಕಂಡಕ್ಟರು ಬಂದು, "ಅಕ್ಕಾರ, ಏಳ್ರಿ, ನಿಮ್ಮ ಮಂದಿ ಅಲ್ಲೆ ಕಾಯಾಕತ್ತಾರ," ಎಂದು ಎಬ್ಬಿಸಬೇಕಾಯಿತು.